ಕತ್ತರಿಸಿದ ಕೊನೆ

2018ರ ಬೇಸಿಗೆ. ಬೆಂಗಳೂರಲ್ಲಿದ್ದ ನನಗೆ ಕಡಗಂಚಿಯಿಂದ ಅವ್ವನ ಫೋನು: “ಯಪ್ಪಾ, ಮಕ್ಕಳ ಕಳ್ಳರು ಬಂದಾರಂತ. ಪಾರ್ಗೋಳಿಗಿ ಹೊರಗ ಬಿಡಬ್ಯಾಡ.” ಹಿಂದೆಯೇ ಊರಿನ ಗ್ರೂಪಿನಿಂದ ಒಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಎದೆ ಧಸಕ್ಕೆಂದಿತು. ಬಿಇ ಓದಿದ ನಾನೂ ಅದನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಕಳಿಸಿಬಿಟ್ಟೆ.

ಅದು ಕರಾಚಿಯ ಸಂಸ್ಥೆಯೊಂದರ ಜಾಗೃತಿ ಚಿತ್ರ ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ಬೈಕಿನವರೇ ಹುಡುಗನನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಅಷ್ಟು ಸಾಕಾಗಿತ್ತು.

ಆ ವರ್ಷ ಜುಲೈ 13ರಂದು ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಆ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಊರಿಗೆ ಹೋದಾಗ ನಾನೂ ಕೊಡ್ತೀನಿ.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗೆ ಇಳಿಸಿತು.

ಇಂಥ ಸುಳ್ಳು ಯಾಕೆ ಹುಟ್ಟಿಸ್ತಾರೆ? ಒಬ್ಬನಿಗೆ ಮಜಾ, ಒಬ್ಬನಿಗೆ ದುಡ್ಡು, ಇನ್ನೊಬ್ಬನಿಗೆ ದ್ವೇಷ. ಆದರೆ ಹುಟ್ಟಿಸಿದವನೊಬ್ಬನೇ ಅದನ್ನು ಊರೂರಿಗೆ ಹೊರಲಾರ. ಹೊತ್ತವರು ನಾವು, ಅದೂ ಮಕ್ಕಳ ಮೇಲಿನ ಅಕ್ಕರೆಯಿಂದ. ಅದೇ ಅಕ್ಕರೆ ಮುರ್ಕಿಯಲ್ಲಿ ಕಲ್ಲು ಎತ್ತಿತು.

ಈಗ ಅವ್ವ ಮೊದಲು ಕೇಳ್ತಾಳೆ: “ಖರೇ ಅದನೋ ಇಲ್ಲೋ ನೋಡಿ ಹೇಳು.” ನಾನೂ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ “ಆ ವಿಡಿಯೋ ಸುಳ್ಳು, ನನ್ನದೇ ತಪ್ಪು” ಅಂತ ಬರೆದಿದ್ದೆ. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.