ಎಫ್ ಡ್ರೈವಿನ ದಿನಗಳು

ನಮ್ಮ ಹಳೆಯ ಕಚೇರಿಯ ಸರ್ವರ್ ಕೋಣೆಯನ್ನು ಇತ್ತೀಚೆಗೆ ಒಡೆದುಹಾಕಿದರು. ಗೋಡೆಯಿಂದ ಕಿತ್ತ ಕಪ್ಪು ಕೇಬಲ್ಲನ್ನು ಕಂಡ ತರುಣನೊಬ್ಬನು, "ಇದು ಟಿವಿಯದೇ, ಸಾರ್?" ಎಂದು ಕೇಳಿದನು. ನಿಂತಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಬೆಂಗಳೂರಿನಲ್ಲಿ ನಮ್ಮ ಲೆಕ್ಕಪತ್ರದ ಪ್ರೋಗ್ರಾಮು ಒಬ್ಬೊಬ್ಬರ ಗಣಕದಲ್ಲಿ ಇರುತ್ತಿರಲಿಲ್ಲ. ಬಿಸಿಯೇರಿದ ಧೂಳಿನ ವಾಸನೆಯ ಆ ಕೋಣೆಯಲ್ಲಿ, ನಾವೆಲ್ ನೆಟ್‌ವೇರ್ ನಡೆಸುತ್ತಿದ್ದ ಒಂದೇ ಸರ್ವರಿನಲ್ಲಿದ್ದು, ಲಾಗಿನ್ ಆದೊಡನೆ ಎಫ್ ಡ್ರೈವಾಗಿ ಎಲ್ಲರಿಗೂ ಗೋಚರಿಸುತ್ತಿದ್ದಿತು. ವಿಂಡೋಸ್ 95 ಬಂದ ಮೇಲೆ ಡೆಸ್ಕ್‌ಟಾಪಿನಲ್ಲಿ ಅದಕ್ಕೊಂದು ಶಾರ್ಟ್‌ಕಟ್ ಬಂದಿತು. ಶಾರ್ಟ್‌ಕಟ್ ತೆರೆಯದೆಂಬ ದೂರೂ ಅದರ ಬೆನ್ನಿಗೇ ಬಂದಿತು.

ಆ ದೂರನ್ನು ವಿಚಾರಿಸುವ ವಿದ್ಯೆಯಲ್ಲಿ, ನಾವೆಲ್ಲರೂ ಮೇಷ್ಟ್ರೆಂದು ಕರೆಯುತ್ತಿದ್ದ ಹಿರಿಯ ತಂತ್ರಜ್ಞರು ಅಪ್ರತಿಮರು. "ಪಕ್ಕದವರಿಗೆ ತೆರೆಯುತ್ತದೆಯೇ?" ಎಂಬುದು ಅವರ ಮೊದಲ ಪ್ರಶ್ನೆ. ಯಾರಿಗೂ ತೆರೆಯದಿದ್ದರೆ, ಗಣಕಗಳನ್ನೆಲ್ಲ ಸರ್ವರಿಗೆ ಜೋಡಿಸಿದ್ದ ಆ ಕಪ್ಪು ಕೇಬಲ್ಲಿನ ಜಾಡು ಹಿಡಿದು ಹೊರಡುವರು. ಏಕೆಂದರೆ 185 ಮೀಟರ್‌ವರೆಗೆ ಎಳೆಯಬಹುದಾಗಿದ್ದ ಆ ಒಂದೇ ತಂತಿಯಲ್ಲಿ ಎಲ್ಲಿಯೋ ಒಂದು ಟಿ-ಕನೆಕ್ಟರ್ ಸಡಿಲವಾದರೂ, ತುದಿಯ 50 ಓಮ್ ಟರ್ಮಿನೇಟರ್ ಕಳಚಿದರೂ, ಸಮಸ್ತರ ಸಂಪರ್ಕವೂ ಕಡಿಯುತ್ತಿದ್ದಿತು. ಒಬ್ಬರಿಗೆ ಮಾತ್ರ ತೊಂದರೆಯೆಂದರೆ ಡ್ರೈವಿನ ಅಕ್ಷರವನ್ನು ನೋಡುವರು. ಹೊಸದಾಗಿ ಜೋಡಿಸಿದ ಡಿಸ್ಕು ಎಫ್ ಅಕ್ಷರವನ್ನು ಆಕ್ರಮಿಸಿರುವುದುಂಟು. ಅದೂ ಸರಿಯಿದ್ದರೆ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲನ್ನು, ಅನಂತರ ಯಾರೂ ಗಮನಿಸದ ಸ್ಟಾರ್ಟ್ ಇನ್ ಸಾಲನ್ನು, ಬೆರಳಿಟ್ಟು ಅಕ್ಷರಶಃ ಓದುವರು. ಎಸ್.ಪಿ. ರಸ್ತೆಯಲ್ಲಿ ಟರ್ಮಿನೇಟರ್ ಕೊಳ್ಳುವಾಗ ಅಂಗಡಿಯವನು ಹೇಳಿದ ಬೆಲೆಗೆ ಒಪ್ಪಿ, ಅದಕ್ಕೆ ಪ್ರತಿಯಾಗಿ ಒಂದೊಂದನ್ನೂ ತಮ್ಮ ಮಲ್ಟಿಮೀಟರಿನಿಂದ ಅಳೆದು ಆರಿಸಿಕೊಳ್ಳುವ ಅನುಮತಿಯನ್ನು ಪಡೆಯುತ್ತಿದ್ದರು. ಅವರ ಚೌಕಾಸಿಯೇ ಅಂಥದು.

ಆ ಕಾಲವು ಸುಖಮಯವಾಗಿದ್ದಿತೆಂದು ನಾನು ಹೇಳಲಾರೆ. ಕಸ ಗುಡಿಸುವಾಗ ಕಾಲಿಗೆ ಸಿಕ್ಕಿದ ತಂತಿಯಿಂದ ತಿಂಗಳ ಕೊನೆಯ ಸಂಬಳದ ಲೆಕ್ಕವೇ ನಿಂತುಹೋಗುತ್ತಿದ್ದಿತು. ಪ್ರತಿ ಗಣಕಕ್ಕೂ ಪ್ರತ್ಯೇಕ ತಂತಿಯನ್ನು ತಂದ ಹಬ್ಬು, ಸ್ವಿಚ್ಚುಗಳು ಮಾಡಿದ ಉಪಕಾರ ಸಾಮಾನ್ಯವಾದುದಲ್ಲ.

ಆದರೆ ಯಂತ್ರವು ಉತ್ತಮವಾದಂತೆ ವಿಚಾರಣೆಯು ಕ್ಷೀಣಿಸಿತು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ವಾರಕ್ಕೊಮ್ಮೆ ತಾನಾಗಿಯೇ ನಡೆಯುವ ನಿರ್ವಹಣೆಯೊಂದಿದ್ದಿತು: ಡೆಸ್ಕ್‌ಟಾಪಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಶಾರ್ಟ್‌ಕಟ್‌ಗಳು ಮುರಿದಂತೆ ಕಂಡರೆ ಅವೆಲ್ಲವನ್ನೂ ಅದು ಅಳಿಸಿಹಾಕುತ್ತಿದ್ದಿತು. ಲ್ಯಾಪ್‌ಟಾಪನ್ನು ಮನೆಗೆ ಒಯ್ದವನ ನೆಟ್‌ವರ್ಕ್ ಡ್ರೈವು ಆ ಗಳಿಗೆಯಲ್ಲಿ ಕೈಗೆಟುಕದಿದ್ದರೆ, ಸರ್ವರಿನಲ್ಲಿ ಪ್ರೋಗ್ರಾಮು ಕ್ಷೇಮವಾಗಿದ್ದರೂ, ಅದರ ಶಾರ್ಟ್‌ಕಟ್ ಮುರಿದವುಗಳ ಲೆಕ್ಕಕ್ಕೇ ಸೇರುತ್ತಿದ್ದಿತು. ದೂರದಲ್ಲಿರುವವನನ್ನು ಸತ್ತವನೆಂದು ಬರೆದುಕೊಳ್ಳುವ ಈ ಅವಸರವನ್ನು ಮೇಷ್ಟ್ರು ಕ್ಷಮಿಸುತ್ತಿರಲಿಲ್ಲ.

ಇಂದು ದೂರು ಬಂದರೆ ಹಳೆಯ ಶಾರ್ಟ್‌ಕಟ್ಟನ್ನು ಅಳಿಸಿ, ಹೊಸದನ್ನಿಟ್ಟು, ಟಿಕೆಟ್ ಮುಚ್ಚುತ್ತಾರೆ. ಅದೇ ದೂರು ಮರುವಾರ ಮರಳಿ ಬರುತ್ತದೆ. ನಮ್ಮ ತರುಣರು ಜಾಣರು. ವಿಚಾರಿಸುವ ವ್ಯವಧಾನವನ್ನು ಅವರಿಗೆ ಉಳಿಸದವರು ನಾವು. ಎಷ್ಟು ನಿಮಿಷದಲ್ಲಿ ಟಿಕೆಟ್ ಮುಚ್ಚಿತೆಂಬುದನ್ನು ಮಾತ್ರ ಎಣಿಸುವ ಕಚೇರಿಯಲ್ಲಿ ಮೇಷ್ಟ್ರಂಥವರು ತಯಾರಾಗಲಾರರು, ತಯಾರಾದರೂ ಉಳಿಯಲಾರರು.