ಪೆಟ್ಟಿಗೆಯ ನಾಲ್ಕು ರೂಪಾಯಿ

ಕಾಲೇಜು ಸೇರಿದ ಹೊಸದರಲ್ಲಿ ಮೈಸೂರು ಸೀಮೆಯ ಅಧ್ಯಾಪಕರೊಬ್ಬರು ವಾತ್ಸಲ್ಯದಿಂದ, "ತಿಂಡಿ ಆಯಿತೇನಯ್ಯ?" ಎಂದು ಕೇಳಿದರು. ನಮ್ಮ ಕಡೆ ತಿಂಡಿಯೆಂದರೆ ತುರಿಕೆ. "ಇಲ್ರೀ ಸರ್, ನನಗ ಅಂಥಾದ್ದೇನೂ ಇಲ್ಲ" ಎಂದೆ. ಇಬ್ಬರೂ ಸಮಾಧಾನದಿಂದಲೇ ಬೇರೆಯಾದೆವು! ತಿಳಿಯದ ಶಬ್ದ ಬಂದರೆ ಕೇಳಿ ತಿಳಿಯಬಹುದು. ತಿಳಿದ ಶಬ್ದವೇ ಬೇರೆ ಅರ್ಥ ಹೊತ್ತು ಬಂದರೆ ಕೇಳಬೇಕೆಂದೂ ತೋಚದು. ಗಣಕಯಂತ್ರದ ಭಾಷೆಗಳಲ್ಲಿಯೂ ಇದುಂಟೆಂದು ಕಳೆದ ದಸರೆಯ ರಜೆಯಲ್ಲಿ ಕಂಡುಕೊಂಡೆ.

ನಮ್ಮ ಅವ್ವನ ಸ್ವಸಹಾಯ ಸಂಘದಲ್ಲಿ ಹನ್ನೆರಡು ಮಂದಿ. ಬಡ್ಡಿಯಿಂದ ಬಂದ ಹಣವನ್ನು ಸಮನಾಗಿ ಹಂಚಿ, ಉಳಿದ ಚಿಲ್ಲರೆಯನ್ನು ಸಂಘದ ಪೆಟ್ಟಿಗೆಗೆ ಹಾಕುವುದು ಅವರ ಪದ್ಧತಿ. ಈ ಲೆಕ್ಕಕ್ಕಾಗಿ ಊರಿನ ಹಿರಿಯ ವಿದ್ಯಾರ್ಥಿಯೊಬ್ಬರು ಹಿಂದೆಯೇ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದರು. (ಹೆಬ್ಬಾವಿಗೆ ಹೆದರಬೇಡಿ. ಗೀಡೋ ವಾನ್ ರಾಸಮ್ ಎಂಬವರು 1991ರಲ್ಲಿ ಹೊರತಂದ ಈ ಭಾಷೆಗೆ ಹೆಸರು ಬಂದದ್ದು ಇಂಗ್ಲಿಷರ ಹಾಸ್ಯ ಕಾರ್ಯಕ್ರಮವೊಂದರಿಂದ.) ಅವರ ಕಂಪ್ಯೂಟರು ಕೆಟ್ಟಿತು. ಬರಹವಿದ್ದದ್ದು ಎರಡನೆಯ ಪೈಥಾನಿನಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಮೂರನೆಯದು. ಮೂರನೆಯದು 2008ರ ಡಿಸೆಂಬರಿನಲ್ಲಿ ಹುಟ್ಟಿತು. ಎರಡನೆಯದರ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಐಚ್ಛಿಕ ವಿಷಯವಾಗಿ ಒಂದಿಷ್ಟು ಪೈಥಾನ್ ಓದಿದ್ದೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನೆಂಬ ಬಿಂಕ ಬೇರೆ. "ನಾ ಮಾಡಿಕೊಡ್ತೀನಿ" ಎಂದೆ.

ಮೊದಲ ಜಗಳ 'ಪ್ರಿಂಟ್' ಎಂಬ ಶಬ್ದದ್ದು. ಹಳೆಯದರಲ್ಲಿ ಹೇಳಬೇಕಾದ್ದನ್ನು ಅದರ ಮುಂದೆ ಬರೆದರೆ ಸಾಕು. ಹೊಸದಕ್ಕೆ ಕಂಸ ಬೇಕು, ಇಲ್ಲದಿದ್ದರೆ ತಪ್ಪೆಂದು ಕೂಗಿ ನಿಲ್ಲುತ್ತದೆ. ಆಮೇಲೆ 'ಇನ್‌ಪುಟ್'. 1000 ಎಂದು ಒತ್ತಿದರೆ ಹಳೆಯದು ಅದನ್ನು ಸಂಖ್ಯೆಯೆಂದೇ ತಿಳಿಯುತ್ತಿತ್ತು. ಹೊಸದು ಅದನ್ನು ಬರಿಯ ಅಕ್ಷರಗಳೆಂದು ಬಗೆದು ಭಾಗಿಸಲು ಒಪ್ಪಲಿಲ್ಲ. ಎರಡನ್ನೂ ಅರ್ಧ ಗಂಟೆಯಲ್ಲಿ ತಿದ್ದಿದೆ.

ಸಂಜೆ ಸಂಘದವರೆದುರು ಗತ್ತಿನಿಂದ ಓದಿದೆ: ಹಂಚಬೇಕಾದ್ದು ರೂ. 1000, ತಲಾ ಎಂಬತ್ಮೂರು ರೂಪಾಯಿ ಮೂವತ್ಮೂರು ಪೈಸೆ, ಪೆಟ್ಟಿಗೆಗೆ ಸೊನ್ನೆ. (25 ಪೈಸೆಯ ನಾಣ್ಯವೇ 2011ರಲ್ಲಿ ಚಲಾವಣೆಯಿಂದ ಹೋದ ಮೇಲೆ ಮೂವತ್ಮೂರು ಪೈಸೆಯನ್ನು ಯಾರು ಕೊಟ್ಟಾರು?) ಹೆಬ್ಬೆಟ್ಟೊತ್ತುವ ನಮ್ಮ ಅವ್ವ ಬೆರಳು ಮಡಿಚುತ್ತ, "ಎಂಬತ್ತರಂಗ ಒಂಬೈನೂರಾ ಅರವತ್ತು, ಮೂರರಂಗ ಮೂವತ್ತಾರು. ನಾಕ ರೂಪಾಯಿ ಉಳೀಬೇಕಲ್ಲೋ ತಮ್ಮಾ. ಪೆಟಿಗಿದು ಎಲ್ಲಿ ಹೋತು?" ಎಂದಳು. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಹತ್ತು ಮನೆಯ ಹಣದಲ್ಲಿ ನಾಲ್ಕು ರೂಪಾಯಿಯೂ ಮಾನದ ಪ್ರಶ್ನೆ. ನನಗಿಂತ ಅವ್ವನೇ ಹೆಚ್ಚು ಕುಗ್ಗಿದಂತೆ ಕಂಡಳು.

ರಾತ್ರಿಯೆಲ್ಲ ಹುಡುಕಿದೆ. ಕಳ್ಳ ಸಿಕ್ಕಿದ್ದು ಭಾಗಾಕಾರದ ಓರೆಗೀಟಿನಲ್ಲಿ. ಎರಡನೆಯ ಪೈಥಾನಿನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವುದು ಪೂರ್ಣಾಂಕವೇ, 83. ಅದನ್ನು ಹನ್ನೆರಡರಿಂದ ಗುಣಿಸಿ ಸಾವಿರದಲ್ಲಿ ಕಳೆದರೆ ಪೆಟ್ಟಿಗೆಗೆ 4. ಬರೆದವರು ಇದನ್ನೇ ನಂಬಿ ಬರೆದಿದ್ದರು. ಮೂರನೆಯದು ಭಿನ್ನರಾಶಿಯನ್ನು ಬಿಡದೆ ಹಂಚುತ್ತದೆ. ಪೆಟ್ಟಿಗೆಗೆ ಏನೂ ಉಳಿಯದು. ಗೀಟು ಅದೇ, ಅರ್ಥ ಬೇರೆ; ಯಂತ್ರದ ಬಾಯಿಂದ ಒಂದು ಎಚ್ಚರಿಕೆಯೂ ಇಲ್ಲ. ಹಳೆಯ ಬರಹವನ್ನು ಹೊಸದಕ್ಕೆ ಮಾರ್ಪಡಿಸಲೆಂದೇ 'ಟೂ ಟು ತ್ರೀ' ಎಂಬ ಸಾಧನವೊಂದನ್ನು ಪೈಥಾನಿನವರೇ ಕೊಟ್ಟಿದ್ದರು. ಅದು ಕೂಡ ಪ್ರಿಂಟಿಗೆ ಕಂಸ ಹಾಕುತ್ತಿತ್ತೇ ಹೊರತು ಈ ಗೀಟನ್ನು ಮುಟ್ಟುತ್ತಿರಲಿಲ್ಲ. ಬರೆದವರ ಮನಸ್ಸಿನಲ್ಲಿದ್ದುದು ಅದಕ್ಕೆ ಹೇಗೆ ತಿಳಿಯಬೇಕು?

ಒಂದು ಗೀಟಿನ ಪಕ್ಕಕ್ಕೆ ಇನ್ನೊಂದು ಗೀಟು ಎಳೆದೆ. ಜೋಡಿ ಗೀಟೆಂದರೆ ಶೇಷ ಬಿಟ್ಟು ಭಾಗಿಸು ಎಂದು ಎರಡೂ ಪೈಥಾನುಗಳಲ್ಲಿ ಅರ್ಥ. 83 ಬಂತು, ಪೆಟ್ಟಿಗೆಗೆ 4 ಬಂತು.

ಮುಂದಿನ ವಾರ ಓದಿ ಹೇಳಿದಾಗ ಯಾರೂ ಏನೂ ಅನ್ನಲಿಲ್ಲ. ಅವ್ವ ಮಾತ್ರ ಸೆರಗಿನೊಳಗೆ ಬೆರಳು ಮಡಿಚುತ್ತಿದ್ದಳು. ಆಕೆಯ ಎಣಿಕೆ ಮುಗಿಯುವವರೆಗೆ ನಾನು ಲ್ಯಾಪ್‌ಟಾಪು ಮುಚ್ಚಲಿಲ್ಲ.