ಒಂದು ಯಕಾರದ ದೂರ

ಗ್ರೀಕರ ಆ ಪದವನ್ನು ನಾಲಿಗೆ ತೊಡರದೆ ಹೇಳಿದ ಕನ್ನಡಿಗರನ್ನು ನಾನಿನ್ನೂ ಕಂಡಿಲ್ಲ. ‘ಹೊಮೊಊಸಿಒಸ್’. ಹೊ, ಮೊ, ಊ, ಸಿ, ಒಸ್ ಎಂದು ಐದು ಅಕ್ಷರ. ಒತ್ತು ಬೀಳುವುದು ನಡುವಿನ ಊಕಾರದ ಮೇಲೆ. ‘ಹೊಮೊಸ್’ ಎಂದರೆ ಅದೇ, ‘ಊಸಿಆ’ ಎಂದರೆ ಸತ್ತ್ವ. ತಂದೆಯಾದ ದೇವರೂ ಮಗನಾದ ಕ್ರಿಸ್ತನೂ ಒಂದೇ ಸತ್ತ್ವದವರೆಂದು ಅರ್ಥ.

ಕನ್ನಡದ ಬಾಯಿಗೆ ಎರಡು ಸ್ವರ ಅಕ್ಕಪಕ್ಕ ಕೂತರೆ ಆಗದು. ಮನೆಯನ್ನು, ಗೋವನ್ನು ಎಂದು ನಡುವೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುತ್ತೇವೆ. ಆಗಮಸಂಧಿ ಎಂದು ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಕೊನೆಯ ‘ಸಿಒಸ್’ ಅನ್ನು ‘ಸಿಯೊಸ್’ ಎಂದರೆ ಯಾರಿಗೂ ಕೇಡಿಲ್ಲ. ಆದರೆ ನಡುವೆ ಯಕಾರ ನುಸುಳಿ ‘ಹೊಮೊಯೂಸಿಯೊಸ್’ ಆಯಿತೋ, ಅದು ಎದುರು ಪಕ್ಷದವರ ಪದವಾಗಿಬಿಡುತ್ತದೆ! ಅಲ್ಲಿ ಬೇಕಾದ್ದು ನಮ್ಮ ಪ್ರಕೃತಿಭಾವ. ‘ಅಯ್ಯೋ, ಇದೇನು!’ ಎನ್ನುವಾಗ ಓ, ಇ ಎರಡನ್ನೂ ಬಿಡಿಬಿಡಿಯಾಗಿ ಹೇಳುವುದಿಲ್ಲವೇ, ಹಾಗೆ.

ಕ್ರಿ.ಶ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಇಂದಿನ ತುರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಮಗನೂ ಸೃಷ್ಟಿಯಾದವನೇ ಎನ್ನುತ್ತಿದ್ದ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್‌ನ ವಾದವನ್ನು ತಳ್ಳಿಹಾಕಲು ಸಭೆ ಆರಿಸಿದ್ದು ಈ ಪದ. ಬೈಬಲಿನಲ್ಲೇ ಇಲ್ಲದ ಪದವೇಕೆಂದು ಹಲವರು ಮುನಿದರು. ಕೆಲವು ದಶಕಗಳಾದ ಮೇಲೆ ಇನ್ನೊಂದು ಬಣ ‘ಹೊಮೊಯ್‌ಊಸಿಒಸ್’ ಎಂದರೆ ಸಾಕೆಂದಿತು. ಅಂದರೆ ತಂದೆಯ ಸತ್ತ್ವವನ್ನು ಹೋಲುವವನು. ನಡುವೆ ಸೇರಿದ್ದು ಅಯೋಟ, ಗ್ರೀಕರ ಅತಿ ಸಣ್ಣ ಅಕ್ಷರ. ಎಣಿಸಿದರೆ ಆಗಲೂ ಅಕ್ಷರ ಐದೇ. ಮೊದಲಿನ ಪದದ ಪರ ನಿಂತ ಅಥನೇಸಿಯಸ್ ಆ ಗದ್ದಲದ ಕಾಲದಲ್ಲಿ ಐದು ಸಲ ಊರು ಬಿಡಬೇಕಾಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಅವನ ಪಕ್ಷವನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ.

ಇಷ್ಟು ಸಣ್ಣ ಸ್ವರಕ್ಕೆ ಇಷ್ಟು ಕಾದಾಟವೇ ಎಂದು ಇತಿಹಾಸಕಾರ ಗಿಬ್ಬನ್ ನಕ್ಕಿದ್ದಾನೆ. ನನಗೆ ನಗು ಬರಲಿಲ್ಲ. ನನ್ನನ್ನು ಸಾಕಿದವಳು ಚಿಕ್ಕಮ್ಮ. ‘ಅಮ್ಮನ ಹಾಗೇ ನೋಡ್ಕೊಂಡಳು’ ಎಂದು ನೆಂಟರು ಮನಸಾರೆ ಹೊಗಳುತ್ತಿದ್ದರು. ಆ ‘ಹಾಗೆ’ ಕಿವಿಗೆ ಬಿದ್ದಾಗಲೆಲ್ಲ ಚಿಕ್ಕಮ್ಮ ಏನೋ ಕೆಲಸದ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು.

ಈಗಿನ ಗ್ರೀಕರು ನಮ್ಮ ಮಂಡ್ಯದ ಕಡೆಯವರು ಹಾಲನ್ನು ‘ಆಲು’ ಎನ್ನುವಂತೆ ಹಕಾರ ಬಿಟ್ಟು ‘ಒಮೊಊಸಿಒಸ್’ ಎನ್ನುತ್ತಾರೆ. ಇನ್ನೊಂದು ಪದ ಅವರ ಬಾಯಲ್ಲಿ ‘ಒಮಿಊಸಿಒಸ್’. ಹಕಾರ ಹೋಯಿತು, ಊಕಾರದ ಒತ್ತು ಮಾತ್ರ ಇದ್ದಲ್ಲೇ ಇದೆ.